ಗಿರವಿಗೆ ಇಡಬಾರದ್ದು



ಟೊಮ್ಯಾಟೊ ಬೆಲೆ, ರೇಷ್ಮೆಗೂಡಿನ ಬೆಲೆ, ಹಾಲಿನ ದರ, ಇವುಗಳ ಮಾತು ಪ್ರತಿ ತಿಂಗಳೂ ಇದ್ದದ್ದೇ. ಈ ಸಲ ಬೇರೊಂದು ಮಾತು ಆಡಬೇಕಾಗಿದೆ. ಅದೂ ಕೊನೆಗೆ ಬೆಲೆಗೆ, ಸಾಲಕ್ಕೇ ಬಂದು ನಿಲ್ಲುತ್ತದೆ. ಆದರೆ ಯಾವಾಗಲೂ ಹಾಗೆ ದಲ್ಲಾಳಿಯ ಕಡೆಗೆ, ಸರ್ಕಾರದ ಕಡೆಗೆ ಬೆರಳು ತೋರಿಸಿ ಕೂತರೆ ಸಾಲದು. ನಮ್ಮ ನಮ್ಮ ದನದ ಕೊಟ್ಟಿಗೆಯ ಕಡೆಗೂ ಒಂದು ಸಲ ತಿರುಗಿ ನೋಡಬೇಕು.

ಬೆಳೆ ಕೈಕೊಟ್ಟಾಗ ನಾವು ಏನೇನು ಗಿರವಿಗೆ ಇಡುತ್ತೇವೆ, ಲೆಕ್ಕ ಹಾಕಿ. ಮೊದಲು ಹೆಂಡತಿಯ ಓಲೆ, ಸರ. ಅದು ಸಾಲದಿದ್ದರೆ ಪಹಣಿ. ಆಮೇಲೆ ಅಂಗಡಿಯವನ ಹತ್ತಿರ ಬರುವ ಬೆಳೆಯ ಮೇಲೆ ಮುಂಗಡ. ಇದೆಲ್ಲಾ ಇರುವವನ ಕಥೆ. ಓಲೆಯೂ ಇಲ್ಲ, ಪಹಣಿಯೂ ಇಲ್ಲ ಅನ್ನುವ ಕೂಲಿಯವನು ಏನನ್ನು ಇಡಬೇಕು? ಅವನ ಹತ್ತಿರ ಇರೋದು ಎರಡು ಕೈ. ಆ ಎರಡು ಕೈ ಸಾಲದೆ ಹೋದಾಗ ಅವನು ಮಗನ ಎರಡು ಕೈಯನ್ನೂ ತಂದು ಇಡುತ್ತಾನೆ. ಯಾರ ಹತ್ತಿರ ಇಡುತ್ತಾನೆ? ಬ್ಯಾಂಕಿನವರು ತಗೊಳ್ಳೋದಿಲ್ಲ. ಸೊಸೈಟಿಯವರು ತಗೊಳ್ಳೋದಿಲ್ಲ. ತಗೊಂಡವರು ನಾವು. ಈಗಲೂ ಅಲ್ಲಲ್ಲಿ ತಗೊಳ್ಳುತ್ತಾ ಇರುವವರೂ ನಮ್ಮವರೇ.

ಪ್ರತಿ ವರ್ಷ ಜೂನ್ 12ನೇ ತಾರೀಖು ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2002ರಿಂದ ಇದನ್ನು ನಡೆಸುತ್ತಿದೆ. ಅವತ್ತು ತಾಲ್ಲೂಕು ಕೇಂದ್ರದಲ್ಲಿ ಜಾಥಾ, ಭಾಷಣ, ಪ್ರತಿಜ್ಞೆ. ನಾವು ಅದನ್ನು ನೋಡಿ, ಇದು ಹೋಟೆಲಿನವರಿಗೆ, ಗ್ಯಾರೇಜಿನವರಿಗೆ ಹೇಳುವ ಮಾತು, ನಮಗಲ್ಲ ಅಂದುಕೊಂಡು ಹೊಲದ ಕಡೆ ಹೋಗುತ್ತೇವೆ. ಆದರೆ ಅದೇ ಸಂಘಟನೆ ಯುನಿಸೆಫ್ ಜೊತೆ ಸೇರಿ 2025ರಲ್ಲಿ ಕೊಟ್ಟ ಲೆಕ್ಕ ನೋಡಿ. 2024ರಲ್ಲಿ ಪ್ರಪಂಚದಲ್ಲಿ ದುಡಿಮೆಗೆ ಬಿದ್ದ ಮಕ್ಕಳು ಸುಮಾರು 13 ಕೋಟಿ 80 ಲಕ್ಷ. ಅದರಲ್ಲಿ ನೂರಕ್ಕೆ 61 ಮಂದಿ ಬೇಸಾಯದಲ್ಲಿ ಇದ್ದಾರೆ. ಹೋಟೆಲು, ಗ್ಯಾರೇಜು, ಕಾರ್ಖಾನೆ ಎಲ್ಲ ಸೇರಿಸಿದರೂ ಹೊಲಕ್ಕೆ ಸಮ ಬರೋದಿಲ್ಲ. ಹಾಗಾದರೆ ಆ ಭಾಷಣ ಯಾರಿಗೆ ಹೇಳಬೇಕಾದದ್ದು?

ನಮ್ಮ ಪಕ್ಕದಲ್ಲೇ ಇರುವ ಕೆ.ಜಿ.ಎಫ್.ನ ವಿಷಯ ತಗೊಳ್ಳಿ. 1880ರ ದಶಕದಿಂದ ಅಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು. ಆಮೇಲೆ ನಮ್ಮ ಸರ್ಕಾರ ತೆಗೆಯಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಆಚೆಗೆ ಬಂತು ಅಂತ ಹೇಳುತ್ತಾರೆ. ಅಷ್ಟು ಚಿನ್ನ ತೆಗೆದ ನೆಲದ ಸುತ್ತಮುತ್ತ ಇವತ್ತು ಗಿರವಿ ಅಂಗಡಿಗಳೇ ಅಂಗಡಿಗಳು. ಅದಿರಲಿ. ನಾನು ಹೇಳಬೇಕಾದದ್ದು ಗಣಿಯ ಕಾನೂನಿನ ವಿಷಯ.

ಗಣಿಗೆ ಮಕ್ಕಳನ್ನು ಇಳಿಸೋದು ಒಂದು ಕಾಲಕ್ಕೆ ಪ್ರಪಂಚದಲ್ಲೆಲ್ಲಾ ನಡೆಯುತ್ತಿತ್ತು. ಬುದ್ಧಿ ಹೇಳುವ ಇಂಗ್ಲೆಂಡಿನಲ್ಲೇ ಹತ್ತು ವರ್ಷದೊಳಗಿನ ಹುಡುಗರನ್ನು ಕಲ್ಲಿದ್ದಲು ಗಣಿಗೆ ಇಳಿಸಬಾರದು ಅಂತ ಕಾನೂನು ಬಂದದ್ದು 1842ರಲ್ಲಿ. ಬ್ರಿಟಿಷ್ ಇಂಡಿಯಾದ 1923ರ ಗಣಿ ಕಾಯ್ದೆ 13 ವರ್ಷ ಅಂತ ಗೆರೆ ಎಳೆಯಿತು. 1935ರಲ್ಲಿ ಆ ಗೆರೆ 15ಕ್ಕೆ ಏರಿತು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಇಡೀ ದೇಶಕ್ಕೆ ಹೊಸ ಕಾಯ್ದೆ ಆಯಿತು. ಅದಕ್ಕೆ 1983ರಲ್ಲಿ ತಿದ್ದುಪಡಿ ಮಾಡಿ 18 ವರ್ಷ ತುಂಬದವರು ಗಣಿ ಕೆಲಸಕ್ಕೇ ಬರಬಾರದು ಅಂದರು. ತರಬೇತಿಯವರ ಮಾತು ಬೇರೆ. ಒಂದೇ ದಿನಕ್ಕೆ ಆದದ್ದಲ್ಲ. ಅರವತ್ತು ವರ್ಷ ಹಿಡಿಯಿತು. ಆದರೆ ಆಯಿತು. ಯಾಕೆ ಆಯಿತು? ಕಾನೂನು ಒಂದೇ ಅಲ್ಲ. ಗಣಿಗೆ ಇನ್ಸ್‌ಪೆಕ್ಟರ್ ಇದ್ದ, ಹಾಜರಿ ಪುಸ್ತಕ ಇತ್ತು, ಕಾರ್ಮಿಕ ಸಂಘ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನಿಗೆ ತಿಂಗಳಾದರೆ ಸಂಬಳ ಇತ್ತು. ಅಪ್ಪನ ಸಂಬಳ ಬಂದ ಮನೆಯ ಹುಡುಗ ಶಾಲೆಗೆ ಹೋದ.

ಆ ಸಂಬಳ ನಿಂತದ್ದು 2001ರ ಫೆಬ್ರವರಿ 28ಕ್ಕೆ. ಅವತ್ತು ಗಣಿ ಮುಚ್ಚಿದರು. ಅಲ್ಲಿಂದ ಈಚೆಗೆ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಮುಂಜಾನೆಯ ರೈಲುಗಳನ್ನು ನೀವು ನೋಡಿದ್ದೀರಿ. ಕಾಲಿಡೋಕೆ ಜಾಗ ಇರೋದಿಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ವಾಪಸು ಬರುವ ಜನ. ಇನ್ನು ಎದೆಗೆ ಕಲ್ಲಿನ ಧೂಳು ತುಂಬಿ ಸಿಲಿಕೋಸಿಸ್ ಹಿಡಿದು ಮಲಗಿದ ಗಣಿಯ ಮುದುಕರು. ಅಂಥಾ ಮನೆಯಲ್ಲಿ ಹನ್ನೆರಡು ವರ್ಷದ ಹುಡುಗ ಶಾಲೆಯಲ್ಲೇ ಉಳಿಯುತ್ತಾನಾ ಅನ್ನೋದು ಕಾನೂನಿನ ಪುಸ್ತಕದಿಂದ ತೀರ್ಮಾನ ಆಗೋದಿಲ್ಲ. ಆ ವಾರದ ಅಕ್ಕಿಯ ಲೆಕ್ಕದಿಂದ ತೀರ್ಮಾನ ಆಗುತ್ತದೆ.

ಈಗ ನಮ್ಮ ಹೊಲಕ್ಕೆ ಬನ್ನಿ. ಇಲ್ಲಿ ಇನ್ಸ್‌ಪೆಕ್ಟರ್ ಇಲ್ಲ, ಹಾಜರಿ ಪುಸ್ತಕ ಇಲ್ಲ. ಕೂಲಿಯವರಿಗೆ ಸಂಘವೂ ಇಲ್ಲ, ಸಂಘ ಇರೋದು ನಮಗೆ.

ಮಗು ಹೇಗೆ ಗಿರವಿಗೆ ಬೀಳುತ್ತದೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸ್ 2,000 ರೂಪಾಯಿ ದಾಟಿತು. ಪೇಪರಿನಲ್ಲೆಲ್ಲಾ ನಮ್ಮ ಫೋಟೋ. ಅದೇ ಬಾಕ್ಸು ಬಿಡಿಸುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ವರ್ಷಗಳು ಎಷ್ಟು? ಆಗ ನಾವು ಕೂಲಿಯವನಿಗೆ, ‘ಮುಂದಿನ ವಾರ ನೋಡೋಣಪ್ಪಾ’ ಅಂತೀವಿ. ಅವನ ಮನೆಯಲ್ಲಿ ಹೆಂಡತಿಗೆ ಹೆರಿಗೆ, ತಾಯಿಗೆ ಕಾಯಿಲೆ, ಮಗಳಿಗೆ ಮದುವೆ. ಬ್ಯಾಂಕು ಅವನನ್ನು ಬಾಗಿಲೊಳಕ್ಕೆ ಬಿಡೋದಿಲ್ಲ. ಅವನು ಯಾರ ಹತ್ತಿರವೋ ಮುಂಗಡ ತಗೊಳ್ಳುತ್ತಾನೆ. ಕೊಟ್ಟವನು, ‘ದುಡ್ಡು ಯಾವಾಗಾದರೂ ಕೊಡು, ಅಲ್ಲೀವರೆಗೆ ಹುಡುಗನ್ನ ಕಳಿಸು’ ಅಂತಾನೆ. ಹುಡುಗ ಹೋದ. ಅವನ ದುಡಿಮೆ ಬಡ್ಡಿಗೆ ಹೋಯಿತು. ಅಸಲು ಹಾಗೇ ಕೂತಿತು.

ನಾವು ಬೆಳೆದ ಗೂಡಿನ ದಾರಿಯನ್ನೇ ಹಿಡಿದು ನೋಡಿ. ಹಿಪ್ಪುನೇರಳೆ ಸೊಪ್ಪು ಹಾಕಿ, ರಾತ್ರಿ ನಿದ್ದೆಗೆಟ್ಟು, ಹುಳು ಹಣ್ಣು ಮಾಡಿ, ಗೂಡನ್ನು ಶಿಡ್ಲಘಟ್ಟಕ್ಕೋ ರಾಮನಗರಕ್ಕೋ ಹಾಕುತ್ತೇವೆ. ಹರಾಜಿನಲ್ಲಿ ಬೆಲೆ ಬಿದ್ದರೆ ನಮ್ಮ ಹೊಟ್ಟೆ ಉರಿಯುತ್ತದೆ. ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು. ಆದರೆ ಗೂಡಿನ ಲೆಕ್ಕ ಅಲ್ಲಿಗೆ ಮುಗಿಯೋದಿಲ್ಲ. ಹ್ಯೂಮನ್ ರೈಟ್ಸ್ ವಾಚ್ ಎಂಬ ಹೊರದೇಶದ ಸಂಸ್ಥೆ 2003ರಲ್ಲಿ ಒಂದು ವರದಿ ಹೊರಡಿಸಿತು. ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ರೇಷ್ಮೆ ಉದ್ಯಮದಲ್ಲಿ ಮಕ್ಕಳನ್ನು ಮುಂಗಡದ ಮೇಲೆ ಜೀತಕ್ಕೆ ಇಟ್ಟುಕೊಂಡಿದ್ದಾರೆ ಅಂತ ಅದು ಬರೆಯಿತು. ಕುದಿಯುವ ನೀರಿನಿಂದ ಗೂಡಿನ ಎಳೆ ಹುಡುಕುವ ಕೈ ಮಕ್ಕಳದು. ಹುರಿ ಮಾಡುವ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ತಾಸು ನಿಂತು ಕಡಿದ ಎಳೆ ಗಂಟು ಹಾಕುವ ಬೆರಳೂ ಮಕ್ಕಳದೇ. ನಮಗೆ ಗೂಡಿನ ಬೆಲೆ ಯಾರೋ ಕೆಳಕ್ಕೆ ತುಳಿದರು. ನಮ್ಮ ಕೆಳಗೆ ಇನ್ನೂ ಒಬ್ಬ ಇದ್ದ, ಅವನಿಗೆ ಎಂಟು ವರ್ಷ, ಹತ್ತು ವರ್ಷ.

ಇದನ್ನೆಲ್ಲಾ ರೀಲರುಗಳ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳೋಣವೇ? ಆಗೋದಿಲ್ಲ. ನನ್ನ ಮನೆಯದನ್ನೇ ಹೇಳುತ್ತೇನೆ.

ಜೀತ ಪದ್ಧತಿ ರದ್ದಾದದ್ದು 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಿಂದ. 1976ರಲ್ಲಿ ಅದು ಕಾಯ್ದೆ ಆಯಿತು. ಜೀತಗಾರನ ಸಾಲ ಅಲ್ಲಿಗೆ ತೀರಿತು, ಒಂದು ಪೈಸೆಯನ್ನೂ ಅವನಿಂದ ಕೇಳಬಾರದು, ಕೇಳಿದವನಿಗೆ ಜೈಲು ಅಂತ ಅದರಲ್ಲಿದೆ. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರ ಬಡವರ ಋಣ ಪರಿಹಾರ ಕಾಯ್ದೆ ತಂದಿತು. ಇದೆಲ್ಲಾ ಆಗಿ ಎರಡು ವರ್ಷದ ಮೇಲೆ, 1978ರಲ್ಲಿ, ಕೇರಿಯಿಂದ ಒಬ್ಬ ಹುಡುಗ ನಮ್ಮ ಮನೆಗೆ ಬಂದ. ಅವನಿಗೂ ಹತ್ತು ವರ್ಷ, ನನಗೂ ಹತ್ತು ವರ್ಷ. ಅವರಪ್ಪ ನಮ್ಮಪ್ಪನ ಹತ್ತಿರ 400 ರೂಪಾಯಿ ಈಸಿಕೊಂಡಿದ್ದ. ಕೋಳಿ ಕೂಗುವ ಮುಂಚೆ ಎದ್ದು ಅವನು ಸಗಣಿ ಬಾಚುತ್ತಿದ್ದ, ದನ ಹೊಡೆದುಕೊಂಡು ಕೆರೆಯಂಗಳಕ್ಕೆ ಹೋಗುತ್ತಿದ್ದ. ನಾನು ಹೈಸ್ಕೂಲಿಗೆ ಸೇರಿದ ಮೇಲೆ ಮಧ್ಯಾಹ್ನದ ಬುತ್ತಿ ತಂದು ಕೊಡುತ್ತಿದ್ದವನೂ ಅವನೇ. ಗೇಟಿನ ಹೊರಗೆ ನಿಂತು ಕೊಡುತ್ತಿದ್ದ. ಒಳಕ್ಕೆ ಬಾ ಅಂತ ನಾನು ಒಂದು ದಿನವೂ ಕರೆದವನಲ್ಲ. ಕರೆಯಬೇಕು ಅಂತ ನನಗೆ ಹೊಳೆಯಲೂ ಇಲ್ಲ.

ನಮ್ಮಪ್ಪ ಕೆಟ್ಟವನಾಗಿರಲಿಲ್ಲ. ಹೊಡೆಯುತ್ತಿರಲಿಲ್ಲ, ಹೊಟ್ಟೆಗೆ ಕಡಿಮೆ ಮಾಡುತ್ತಿರಲಿಲ್ಲ. ಹಬ್ಬಕ್ಕೆ ಬಟ್ಟೆ ತರುತ್ತಿದ್ದ. ‘ನಮ್ಮ ಹುಡುಗನ ಹಾಗೇ ನೋಡಿಕೊಳ್ತೀವಿ’ ಅನ್ನುತ್ತಿದ್ದ. ಆದರೆ ಅವನ ಹುಡುಗ ಶಾಲೆಯ ಗೇಟಿನ ಒಳಗಿದ್ದ, ಇವನು ಹೊರಗಿದ್ದ.

ಹೋದ ವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ಜಾವ ಅವನು ಸಿಕ್ಕಿದ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟಿದ್ದ. ಈ ವಯಸ್ಸಿನಲ್ಲಿ. ನಾನು ಕಾಫಿ ಕೊಡಿಸಿದೆ. ಕುಡಿಯುತ್ತಾ ಕುಡಿಯುತ್ತಾ ಕೇಳಿದ: ‘ಅಣ್ಣಾ, ನಮ್ಮಪ್ಪನ ಸಾಲ ಅವತ್ತು ತೀರಿತಾ? ನನಗೆ ಯಾರೂ ಹೇಳಲೇ ಇಲ್ಲ.’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಅಪ್ಪನ ಹಳೇ ಲೆಕ್ಕದ ಪುಸ್ತಕ ತೆಗೆದೆ. 400 ರೂಪಾಯಿ ಕೊಟ್ಟದ್ದು ತಾರೀಖು ಸಮೇತ ಬರೆದಿದೆ. ಅವನು ಏಳು ವರ್ಷ ದುಡಿದದ್ದು ಎಲ್ಲೂ ಬರೆದಿಲ್ಲ.

ಬಂಧುಗಳೇ, 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ ಮೇಲೆ ಊರೂರಲ್ಲಿ ನಾವು ಎದ್ದು ನಿಂತು ಕೇಳಿದ ಪ್ರಶ್ನೆ ಯಾವುದು? ನಮ್ಮ ಬೆವರನ್ನು ಯಾಕೆ ಲೆಕ್ಕಕ್ಕೆ ಹಿಡಿಯೋದಿಲ್ಲ ಅಂತ. ನಮಗೆ ಕಡಿಮೆ ಬೆಲೆ ಕೊಟ್ಟು ಇಷ್ಟು ವರ್ಷ ಸುಲಿದಿದ್ದೀರಿ, ಆದ್ದರಿಂದ ನಾವು ಸಾಲಗಾರರಲ್ಲ, ನೀವೇ ನಮಗೆ ಬಾಕಿದಾರರು ಅಂತ ಅಧಿಕಾರಿಗಳಿಗೆ ಮುಖಕ್ಕೆ ಹೇಳಿದೆವು. ನ್ಯಾಯವಾದ ಮಾತು, ಇವತ್ತಿಗೂ ನ್ಯಾಯ. ಆದರೆ ಆ ಮಾತನ್ನೇ ನಮ್ಮ ಕೊಟ್ಟಿಗೆಯ ಹುಡುಗ ನಮಗೆ ಹೇಳಿದ್ದರೆ? 1990ರಲ್ಲಿ, 2008ರಲ್ಲಿ, 2018ರಲ್ಲಿ ಸಾಲ ಮನ್ನಾ ಆಯಿತು. ಬ್ಯಾಂಕಿನಲ್ಲಿ ಪಹಣಿ ಇಟ್ಟವನಿಗೆ ಆಯಿತು. ನಮ್ಮ ಹತ್ತಿರ ಮಗನನ್ನು ಇಟ್ಟವನ ಸಾಲವನ್ನು ನಾವು ಮನ್ನಾ ಮಾಡಿದೆವಾ?

ಈಗ ದಾನ ಧರ್ಮದವರ, ಹೊರದೇಶದವರ ಮಾತು. ನಮ್ಮಲ್ಲಿ ಎರಡು ಥರದ ಜನ ಇದ್ದಾರೆ. ಒಬ್ಬರು, ‘ಫಾರಿನ್ ದುಡ್ಡು ಬರುತ್ತೆ, ಫೋಟೋ ತೆಗೀತಾರೆ, ಹೋಗ್ತಾರೆ’ ಅಂತ ನಗುವವರು. ಇನ್ನೊಬ್ಬರು, ‘ಅವರೇ ಎಲ್ಲಾ ಮಾಡಲಿ’ ಅಂತ ಕೈಕಟ್ಟಿ ಕೂರುವವರು. ಎರಡೂ ತಪ್ಪು.

ಅವರು ಮಾಡಿದ ಒಳ್ಳೆಯದನ್ನು ಒಪ್ಪಬೇಕು. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಹೋಟೆಲು ಹುಡುಗರ ನಡುವೆ ಕೆಲಸ ಶುರು ಮಾಡಿದವರು ಮುಂದೆ ದುಡಿಯುವ ಮಕ್ಕಳದೇ ‘ಭೀಮ ಸಂಘ’ ಕಟ್ಟಲು ನೆರವಾದರು. ಆನೇಕಲ್ ಕಡೆಯಿಂದ ಬೆಳೆದ ‘ಜೀವಿಕ’ ಜೀತದಾಳುಗಳನ್ನು ಪಟ್ಟಿ ಮಾಡಿ ತಹಶೀಲ್ದಾರರ ಮುಂದೆ ಇಟ್ಟಿತು. ಕೈಲಾಶ್ ಸತ್ಯಾರ್ಥಿ ಮುಂತಾದವರು 1998ರಲ್ಲಿ ಮನಿಲಾದಿಂದ ಜಿನೀವಾದವರೆಗೆ ಜಾಗತಿಕ ಜಾಥಾ ನಡೆಸಿದರು. ಮರುವರ್ಷವೇ ಜೀತ, ಒತ್ತೆಯಂಥ ಅತಿ ಕೆಟ್ಟ ದುಡಿಮೆಯನ್ನು ನಿಷೇಧಿಸುವ 182ನೇ ಒಪ್ಪಂದ ಆಯಿತು. ನಮ್ಮ ದೇಶ ಅದಕ್ಕೆ ಸಹಿ ಹಾಕಿದ್ದು 2017ರಲ್ಲಿ, ಹದಿನೆಂಟು ವರ್ಷ ತಡವಾಗಿ. ಹೊರಗಿನವರ ಒತ್ತಡ ಇಲ್ಲದಿದ್ದರೆ ಇನ್ನೂ ತಡವಾಗುತ್ತಿತ್ತು.

ಆದರೆ ಬೆಲೆಯನ್ನು, ಸಾಲವನ್ನು ಬಿಟ್ಟು ಮಗುವನ್ನು ಮಾತ್ರ ಎತ್ತಿಕೊಂಡು ಹೋದರೆ ಏನಾಗುತ್ತದೆ ಅನ್ನೋದಕ್ಕೆ ಬಾಂಗ್ಲಾದೇಶ ನೋಡಿ. ಮಕ್ಕಳು ಹೊಲಿದ ಬಟ್ಟೆ ಬೇಡ ಅಂತ 1992ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಒಂದು ಮಸೂದೆ ಬಂತು. ಅದು ಪಾಸೂ ಆಗಲಿಲ್ಲ. ಅದರ ಹೆದರಿಕೆಗೇ ಬಾಂಗ್ಲಾದ ಗಾರ್ಮೆಂಟ್ಸಿನವರು ಮಕ್ಕಳನ್ನು ಹೊರಕ್ಕೆ ಹಾಕಿದರು. ಸುಮಾರು 50,000 ಮಕ್ಕಳು ಅಂತ ಯುನಿಸೆಫ್ ಲೆಕ್ಕ. ಅವರೆಲ್ಲ ಶಾಲೆಗೆ ಹೋದರಾ? ಎಷ್ಟೋ ಮಕ್ಕಳು ಕಲ್ಲು ಒಡೆಯಲು, ಬೀದಿಯಲ್ಲಿ ಮಾರಲು, ಇನ್ನೂ ಕೆಟ್ಟ ಕಡೆಗೆ ಹೋದರು. ಆಮೇಲೆ 1995ರಲ್ಲಿ ಒಪ್ಪಂದ ಮಾಡಿ, ಶಾಲೆ ತೆರೆದು, ಮಕ್ಕಳಿಗೆ ತಿಂಗಳ ಭತ್ಯೆ ಕೊಡಬೇಕಾಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬೀಜದ್ದು. ಆಂಧ್ರದ ಹತ್ತಿ ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸಕ್ಕೆ ಸಾವಿರಾರು ಹೆಣ್ಣುಮಕ್ಕಳನ್ನು ಮುಂಗಡ ಕೊಟ್ಟು ತಂದಿದ್ದರು. ಇಟ್ಟುಕೊಂಡವನು ರೈತ. ಆದರೆ ಬೀಜಕ್ಕೆ ಬೆಲೆ ಕಟ್ಟಿದವರು ಕಂಪನಿಯವರು. ದೊಡ್ಡವರಿಗೆ ಕೂಲಿ ಕೊಟ್ಟರೆ ರೈತನಿಗೆ ಏನೂ ಉಳಿಯದ ಹಾಗೆ ಬೆಲೆ ಕಟ್ಟಿದ್ದರು. ಗದ್ದಲ ಎದ್ದ ಮೇಲೆ 2005ರಲ್ಲಿ ದೊಡ್ಡ ಕಂಪನಿಗಳು, ಮಕ್ಕಳನ್ನು ಇಟ್ಟುಕೊಳ್ಳದ ರೈತನಿಗೆ ಬೆಲೆಯ ಮೇಲೆ ನೂರಕ್ಕೆ 5 ಹೆಚ್ಚು ಕೊಡುತ್ತೇವೆ ಅಂತ ಒಪ್ಪಿದವು. ಐದು ಸಾಕಾಗುತ್ತದಾ ಅನ್ನೋದು ಬೇರೆ ಪ್ರಶ್ನೆ. ಆದರೆ ನಾವು ಹೇಳಿಕೊಂಡು ಬಂದದ್ದನ್ನು ಅವರೇ ಬಾಯಿಬಿಟ್ಟು ಒಪ್ಪಿದ ಹಾಗಾಯಿತು: ಮಗು ಹೊಲಕ್ಕೆ ಬರೋದಕ್ಕೂ ಬೆಲೆಗೂ ಸಂಬಂಧ ಇದೆ.

ಇದನ್ನು ಕೇಳಿ, ‘ನೋಡ್ರೀ, ಬೆಲೆ ಕೊಡಲಿ, ಆಮೇಲೆ ಹುಡುಗರನ್ನ ಬಿಡ್ತೀವಿ’ ಅಂತ ನೀವು ಹೇಳಬಹುದು. ಅದನ್ನು ನಾನು ಒಪ್ಪೋದಿಲ್ಲ. ಯಾಕೆ ಅಂದರೆ, ಆ ಹುಡುಗನೇ ನಮ್ಮ ಬೆಲೆಯನ್ನೂ ಕೆಳಕ್ಕೆ ಎಳೆಯುತ್ತಿದ್ದಾನೆ. ಬೇಸಾಯದ ಖರ್ಚಿನ ಮೇಲೆ ಅರ್ಧದಷ್ಟು ಸೇರಿಸಿ ಬೆಂಬಲ ಬೆಲೆ ಕೊಡಬೇಕು ಅಂತ ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು. ಅದನ್ನು ಜಾರಿ ಮಾಡಿ ಅಂತ ನಾವು ಬೀದಿಗಿಳಿದಿದ್ದೇವೆ. ಸರಿ, ಖರ್ಚು ಎಷ್ಟು ಅಂತ ಕೇಳಿದಾಗ ಏನು ತೋರಿಸುತ್ತೇವೆ? ಪುಕ್ಕಟೆ ದುಡಿದ ಮಗುವಿನ ದುಡಿಮೆ ಯಾವ ಕಾಗದದಲ್ಲೂ ಬರೋದಿಲ್ಲ. ದೊಡ್ಡವರಿಗೆ ಪೂರ್ತಿ ಕೂಲಿ ಕೊಟ್ಟು ಬೆಳೆದಾಗ ಮಾತ್ರ ನಿಜವಾದ ಖರ್ಚು ಲೆಕ್ಕಕ್ಕೆ ಬರುತ್ತದೆ. ಮಗುವಿನ ಬೆನ್ನ ಮೇಲೆ ಅಗ್ಗ ಮಾಡಿಕೊಂಡ ಬೆಳೆಗೆ ಸರ್ಕಾರವೂ ದಲ್ಲಾಳಿಯೂ ಅಗ್ಗದ ಬೆಲೆಯನ್ನೇ ಕಟ್ಟುತ್ತಾರೆ.

ಇನ್ನೊಂದು ಪ್ರಶ್ನೆ ಬರುತ್ತದೆ. ‘ನಮ್ಮ ಮಗನೇ ದನಕ್ಕೆ ಹುಲ್ಲು ಹಾಕಿದರೆ ಅದೂ ಅಪರಾಧವಾ? ಬೇಸಾಯ ಕಲಿಯೋದು ಬ್ಯಾಡವಾ?’ ಅಪರಾಧ ಅಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ ಅದರಲ್ಲಿದೆ. ಸ್ವಂತ ಮನೆಯ ಅಪಾಯವಿಲ್ಲದ ಕೆಲಸದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಕೈಜೋಡಿಸಲು ಅಡ್ಡಿ ಇಲ್ಲ. ಔಷಧಿ ಹೊಡೆಯೋ ಕೆಲಸಕ್ಕೆ ಮಾತ್ರ ಸ್ವಂತ ಮಗನನ್ನೂ ಹತ್ತಿರ ಸೇರಿಸಬೇಡಿ. ಬೇರೆಯವರ ಮಗುವನ್ನು ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಎರಡೂ ಬೀಳಬಹುದು. ಕಾನೂನಿಗೆ ಹೆದರಿ ಅಂತ ನಾನು ಹೇಳುತ್ತಿಲ್ಲ. ಗೊತ್ತಿರಲಿ ಅಂತ ಹೇಳಿದೆ.

ಹಾಗಾದರೆ ಮಾಡಬೇಕಾದದ್ದೇನು? ಯಾವ ದಾನಿಯ ದಾರಿಯನ್ನೂ ಕಾಯದೆ ನಾವೇ ಮಾಡಬಹುದಾದ್ದು ನಾಲ್ಕು ಇವೆ.

ಒಂದು, ಊರಿನ ಸಂಘದ ಸಭೆಯಲ್ಲಿ ತೀರ್ಮಾನ ಬರೆಯಿರಿ: ಮಗುವನ್ನು ನಂಬಿ ಮುಂಗಡ ಕೊಡೋದಿಲ್ಲ, ತಗೊಳ್ಳೋದಿಲ್ಲ. ಇಂಥಾ ಕರಾರು ಅನೂರ್ಜಿತ ಅಂತ ಬ್ರಿಟಿಷರ ಕಾಲದ 1933ರ ಕಾಯ್ದೆಯೇ ಹೇಳಿತ್ತು. ಸಾಲ ವಸೂಲಿಗೆ ಬರುವ ಅಧಿಕಾರಿಗೆ ಪ್ರವೇಶವಿಲ್ಲ ಅಂತ ಊರ ಬಾಗಿಲಿಗೆ ಬೋರ್ಡು ಹಾಕಿದ ನಮಗೆ ಈ ಬೋರ್ಡು ಹಾಕೋದು ಕಷ್ಟವಲ್ಲ.

ಎರಡು, ಯಾರ ಮನೆಯಲ್ಲಾದರೂ ಹಳೇ ಸಾಲಕ್ಕೆ ಹುಡುಗ ಇದ್ದರೆ, ನೆರೆಯವರ ಮುಂದೆ ಸಾಲ ತೀರಿತು ಅಂತ ಹೇಳಿ ಕಳಿಸಿ. ತಹಶೀಲ್ದಾರರ ಮೂಲಕ ಅವನಿಗೆ ಬಿಡುಗಡೆ ಪತ್ರ ಕೊಡಿಸಿ. ಜೀತದಿಂದ ಬಿಡುಗಡೆಯಾದ ಮಕ್ಕಳ ಪುನರ್ವಸತಿಗೆ 2016ರ ಕೇಂದ್ರ ಯೋಜನೆಯಲ್ಲಿ 2 ಲಕ್ಷ ರೂಪಾಯಿ ಗೊತ್ತುಮಾಡಿದ್ದಾರೆ. ಅದು ಅವನ ಕೈಗೆ ಬರುವವರೆಗೆ ಜೊತೆಯಲ್ಲಿ ಓಡಾಡಿ. ಬೇರೆ ಕಡೆ ಇಂಥಾ ಮಗು ಕಂಡರೆ 1098ಕ್ಕೆ ಫೋನ್ ಮಾಡಿ.

ಮೂರು, ಕೂಲಿಯನ್ನು ಸಂಜೆಗೇ ಕೊಡಿ. ಬೆಲೆ ಬಿದ್ದ ವಾರವೂ ಕೊಡಿ. ನಮ್ಮ ಸೊಸೈಟಿಗಳಲ್ಲಿ ಜಮೀನಿಲ್ಲದವನಿಗೂ ಕಾಯಿಲೆ ಕಸಾಲೆಗೆ ಒಂದಿಷ್ಟು ಕೈಸಾಲ ಸಿಗುವ ದಾರಿ ಮಾಡಿ. ಐದು ಸಾವಿರ ಸಿಗದೆ ಹೋದದ್ದಕ್ಕೆ ಒಂದು ಮಗು ಏಳು ವರ್ಷ ಹೋಗುತ್ತದೆ.

ನಾಲ್ಕು, ಶಾಲೆಯನ್ನು ನಮ್ಮದು ಅಂದುಕೊಳ್ಳಿ. 2013ರಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ನಮ್ಮ ಹಸುಗಳ ಹಾಲು ಶಾಲೆಯ ಮಕ್ಕಳ ಲೋಟಕ್ಕೆ ಹೋಗಿದೆ. ಆ ಲೋಟ ಹಿಡಿಯಬೇಕಾದ ಕೇರಿಯ ಹುಡುಗ ಎಲ್ಲಿದ್ದಾನೆ, ತಿಂಗಳಿಗೊಮ್ಮೆ ಹಾಜರಿ ಕೇಳಿ.

ಬೆಲೆಯ ಹೋರಾಟ ನಿಲ್ಲೋದಿಲ್ಲ. ಮುಂದಿನ ಸಲ ಕೋಲಾರದಲ್ಲಿ ಧರಣಿ ಕೂತಾಗ ನಾವು ಮತ್ತೆ ಕೇಳುತ್ತೇವೆ, ನಮ್ಮ ದುಡಿಮೆಗೆ ಲೆಕ್ಕ ಕೊಡಿ ಅಂತ. ಅದನ್ನು ಗಂಟಲೆತ್ತಿ ಕೇಳಬೇಕಾದರೆ ನಮ್ಮ ಮನೆಯ ಲೆಕ್ಕದ ಪುಸ್ತಕ ಚೊಕ್ಕಟವಾಗಿರಬೇಕು. ನಾನು ಆ ಗೆಳೆಯನ ಮನೆಗೆ ಹೋಗಿ ಬಂದೆ. ಸಾಲ ಎಂದೋ ತೀರಿದೆ, ಬಾಕಿ ಇರೋದು ನಮ್ಮ ಕಡೆಯಿಂದ ಅಂತ ಅವನ ಹೆಂಡತಿ ಮಕ್ಕಳ ಮುಂದೆ ಹೇಳಿದೆ. ಏಳು ವರ್ಷದ ಕೂಲಿಯನ್ನು ಕಂತಿನಲ್ಲಿ ಕೊಡುತ್ತಿದ್ದೇನೆ. ಅವನು ಬೇಡ ಅಂದ. ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ನಿಮ್ಮ ಮನೆಯ ಹಳೇ ಪುಸ್ತಕವನ್ನೂ ಒಂದು ಸಲ ತೆಗೆದು ನೋಡಿ.